ಕಡಲಾಚೆಯ ಓಲೆಗಳು

1914ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ಫ್ರಾನ್ಸ್ ದೇಶದ ದಕ್ಷಿಣ ತೀರದಲ್ಲಿರುವ ಮಾರ್ಸೇಲ್ಸ್ ಬಂದರಿಗೆ ಭಾರತದಿಂದ ಹೊರಟ ಹಡಗುಗಳು ಒಂದೊಂದಾಗಿ ಬಂದು ಸೇರತೊಡಗಿದವು. ಅವುಗಳಿಂದ ಇಳಿದವರು ಪಂಜಾಬಿನ ಬಯಲುಗಳಿಂದ, ಗಢವಾಲದ ಕಣಿವೆಗಳಿಂದ, ನೇಪಾಳದ ಬೆಟ್ಟಗಳಿಂದ, ವಾಯವ್ಯ ಗಡಿನಾಡಿನಿಂದ ಬಂದ ರೈತರ ಮಕ್ಕಳು. ಪೇಟ ಸುತ್ತಿದ, ಗಡ್ಡ ಬಿಟ್ಟ ಈ ಸಿಪಾಯಿಗಳನ್ನು ನೋಡಲು ಪಟ್ಟಣದ ಜನ ಬೀದಿಯ ಇಕ್ಕೆಲಗಳಲ್ಲಿ ಕಿಕ್ಕಿರಿದು ನಿಂತರು; ಹೂವು ಕೊಟ್ಟು, ಜಯಘೋಷ ಮಾಡಿ ಸ್ವಾಗತಿಸಿದರು. ಬಂದವರಲ್ಲಿ ಬಹುಮಂದಿ ಅದುವರೆಗೆ ಸಮುದ್ರವನ್ನೇ ಕಂಡವರಲ್ಲ. ಯಾವ ಶತ್ರುವಿನೊಡನೆ ಹೋರಾಡಬೇಕು, ಏತಕ್ಕಾಗಿ ಹೋರಾಡಬೇಕು ಎಂಬುದೂ ಅವರಿಗೆ ಸ್ಪಷ್ಟವಾಗಿರಲಿಲ್ಲ. ಆದರೆ ಒಂದು ಸಂಗತಿ ಮಾತ್ರ ಚೆನ್ನಾಗಿ ತಿಳಿದಿತ್ತು: ಊರಿಗೆ ಕಾಗದ ಬರೆಯಬೇಕು.

ಮೊದಲನೆಯ ಮಹಾಯುದ್ಧ ಯೂರೋಪಿನ ರಾಷ್ಟ್ರಗಳ ನಡುವಿನ ಕಲಹ. ಆದರೆ ಆ ರಾಷ್ಟ್ರಗಳಿಗೆ ಏಷ್ಯ, ಆಫ್ರಿಕ ಖಂಡಗಳಲ್ಲಿ ವಿಶಾಲವಾದ ವಸಾಹತುಗಳಿದ್ದುದರಿಂದ ಆ ಕಲಹದ ಹೊರೆ ವಸಾಹತುಗಳ ಬಡಜನರ ಹೆಗಲಿಗೂ ಬಿತ್ತು. ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಕಡಲು ದಾಟಿ ಹೋದರು. ಅವರಲ್ಲಿ ಸುಮಾರು 1 ಲಕ್ಷ 38 ಸಾವಿರ ಮಂದಿ ಫ್ರಾನ್ಸಿನ ನೆಲವನ್ನು ತುಳಿದರು. ಯುದ್ಧ ಮುಗಿಯುವ ವೇಳೆಗೆ ಎಲ್ಲ ರಂಗಗಳೂ ಸೇರಿ 70 ಸಾವಿರಕ್ಕಿಂತ ಹೆಚ್ಚು ಭಾರತೀಯರು ಅಳಿದಿದ್ದರು. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಕೆಲವು ಜಾತಿಗಳವರು ಮಾತ್ರ ಹುಟ್ಟು ಯೋಧರು ಎಂಬ ಒಂದು ವಿಚಿತ್ರ ನಂಬಿಕೆ ಆಗಿನ ಬ್ರಿಟಿಷ್ ಅಧಿಕಾರಿಗಳಲ್ಲಿತ್ತು. ಆದ್ದರಿಂದ ಸೈನ್ಯಕ್ಕೆ ಸೇರಿದವರಲ್ಲಿ ಉತ್ತರ ಭಾರತದವರೇ, ಅದರಲ್ಲೂ ಪಂಜಾಬಿನವರೇ ಅಧಿಕ. ಸಾಲ ತೀರಿಸುವ ಆಸೆ, ಒಂದಿಷ್ಟು ನೀರಾವರಿ ಜಮೀನು ದೊರಕೀತೆಂಬ ಭರವಸೆ, ತಂದೆ ತಾತಂದಿರು ಅದೇ ರೆಜಿಮೆಂಟಿನಲ್ಲಿ ಸೇವೆ ಮಾಡಿದರೆಂಬ ಅಭಿಮಾನ, ಇವೆಲ್ಲವೂ ಕೂಡಿ ಅವರನ್ನು ಅಲ್ಲಿಗೆ ಕರೆತಂದಿದ್ದವು.

ಇಂಥವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು? ಸೇನಾಪತಿಗಳು ಬರೆದ ವರದಿಗಳಲ್ಲಿ ಅದಕ್ಕೆ ಉತ್ತರ ದೊರೆಯುವುದಿಲ್ಲ. ಅಲ್ಲಿ ಸಿಪಾಯಿ ಒಂದು ಅಂಕಿ ಮಾತ್ರ. ಅವನ ಉಸಿರು ಕೇಳಿಬರುವುದು ಅವನು ಮನೆಗೆ ಬರೆದ ಓಲೆಗಳಲ್ಲಿ.

'ಬರೆದ' ಎಂಬ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕು. ಸಿಪಾಯಿಗಳಲ್ಲಿ ಅಕ್ಷರ ಬಲ್ಲವರು ವಿರಳ. ತುಕಡಿಯಲ್ಲಿ ಓದುಬರಹ ತಿಳಿದ ಒಬ್ಬಿಬ್ಬರು ಇರುತ್ತಿದ್ದರು. ಬಿಡುವಾದಾಗ ಅಂಥವನ ಸುತ್ತ ಉಳಿದವರು ನೆರೆಯುತ್ತಿದ್ದರು. ಒಬ್ಬ ಹೇಳುವನು, ಅವನು ಬರೆಯುವನು; ಸುತ್ತ ಕುಳಿತವರು ನಡುನಡುವೆ ಒಂದು ಮಾತು ಸೇರಿಸುವರು. ಉರ್ದು, ಪಂಜಾಬಿ, ಹಿಂದಿ, ಮರಾಠಿ, ನೇಪಾಳಿ, ಹೀಗೆ ಹಲವು ಭಾಷೆಗಳಲ್ಲಿ ಕಾಗದಗಳು ಸಿದ್ಧವಾಗುತ್ತಿದ್ದವು. ಕೆಲವು ವಾರಗಳ ಪಯಣದ ಅನಂತರ ಅವು ಊರಿಗೆ ತಲುಪಿದಾಗ ಅಲ್ಲಿಯೂ ಅದೇ ಕಥೆ. ಮನೆಯವರಿಗೆ ಓದು ಬಾರದು. ಶಾಲೆಯ ಮಾಸ್ತರೋ ಅಂಚೆಯವನೋ ಗಟ್ಟಿಯಾಗಿ ಓದಬೇಕು. ಕೇರಿಯೇ ಬಂದು ಕುಳಿತು ಕೇಳಬೇಕು. ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಬಹುಕಾಲ ಇದೇ ಪದ್ಧತಿ ಇತ್ತು. 'ಉಭಯಕುಶಲೋಪರಿ' ಎಂದು ತೊಡಗಿ, ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ ತಿಳಿಸಿ, ಆಮೇಲೆ ವಿಷಯಕ್ಕೆ ಬರುವ ನಮ್ಮ ಹಳೆಯ ಕಾಗದಗಳಂತೆಯೇ ಆ ಸಿಪಾಯಿಗಳ ಓಲೆಗಳೂ ಕ್ಷೇಮಸಮಾಚಾರದಿಂದಲೇ ಆರಂಭವಾಗುತ್ತಿದ್ದವು. ಗಂಡ ಹೆಂಡತಿಯರ ನಡುವಿನ ಮಾತು ಕೂಡ ಹೀಗೆ ಹತ್ತು ಕಿವಿಗಳನ್ನು ಹಾದು ಹೋಗಬೇಕಾಗಿತ್ತು. ಆದಕಾರಣ ಆ ಓಲೆಗಳಲ್ಲಿ ಗುಟ್ಟು ಕಡಿಮೆ. ಮಾನಮರ್ಯಾದೆಯ ಎಚ್ಚರ ಹೆಚ್ಚು.

ಇದರ ಜೊತೆಗೆ ಇನ್ನೊಬ್ಬ ಓದುಗನೂ ಇದ್ದ. ಅವನು ಸರ್ಕಾರದವನು.

1913ರಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲಿ ನೆಲೆಸಿದ್ದ ಭಾರತೀಯರು ಗದರ್ ಪಕ್ಷವನ್ನು ಸ್ಥಾಪಿಸಿದ್ದರು. ಬ್ರಿಟಿಷರ ಆಳ್ವಿಕೆಯನ್ನು ಕೊನೆಗಾಣಿಸುವುದೇ ಅದರ ಉದ್ದೇಶ. ಆ ಪಕ್ಷದ ಬರಹಗಳು ಅಂಚೆಯ ಮೂಲಕ ಸಿಪಾಯಿಗಳ ಕೈಸೇರಿದರೆ ಗತಿಯೇನು ಎಂಬ ಭಯ ಅಧಿಕಾರಿಗಳನ್ನು ಕಾಡಿತು. ಆದ್ದರಿಂದ ಫ್ರಾನ್ಸಿನಲ್ಲಿ ಭಾರತೀಯರ ಅಂಚೆಯನ್ನು ಪರೀಕ್ಷಿಸಲು ಒಂದು ಸೆನ್ಸಾರ್ ಕಚೇರಿ ಏರ್ಪಟ್ಟಿತು. ಅದರ ಮುಖ್ಯಸ್ಥ ಹೋವೆಲ್ ಎಂಬ ಅಧಿಕಾರಿ. ಆತ ಭಾರತದ ಸಿವಿಲ್ ಸರ್ವಿಸಿಗೆ ಸೇರಿದವನು. ಇಲ್ಲಿನ ಭಾಷೆಗಳನ್ನು ಬಲ್ಲವನು. 1915ರ ಮಾರ್ಚ್ ವೇಳೆಗೆ ಫ್ರಾನ್ಸಿನಲ್ಲಿದ್ದ ಭಾರತೀಯರು ವಾರಕ್ಕೆ 10,000ದಿಂದ 20,000 ಪತ್ರಗಳನ್ನು ಬರೆಯುತ್ತಿದ್ದರು. ಅಷ್ಟನ್ನೂ ಓದುವುದು ಕಚೇರಿಯ ಬೆರಳೆಣಿಕೆಯ ಜನರಿಗೆ ಅಸಾಧ್ಯ. ಅವರು ಸಾಧ್ಯವಾದಷ್ಟನ್ನು ತೆರೆದು ನೋಡಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಭಾಷಾಂತರಿಸಿ, ಸುಮಾರು ನೂರು ಪತ್ರಗಳ ಆಯ್ದ ಮಾತುಗಳನ್ನು ಒಂದು ವರದಿಯೊಡನೆ ಜೋಡಿಸಿ ವಾರವಾರವೂ ಮೇಲಿನವರಿಗೆ ಕಳುಹಿಸುತ್ತಿದ್ದರು. ವೈದ್ಯನು ರೋಗಿಯ ನಾಡಿ ಹಿಡಿದು ನೋಡುವಂತೆ ಸರ್ಕಾರವು ಈ ವರದಿಗಳ ಮೂಲಕ ತನ್ನ ಸೈನ್ಯದ ಮನೋಬಲವನ್ನು ಅಳೆಯುತ್ತಿತ್ತು. ರಾಜದ್ರೋಹವನ್ನು ಹುಡುಕಲೆಂದು ಹುಟ್ಟಿದ ಕಚೇರಿಗೆ ರಾಜದ್ರೋಹ ಸಿಕ್ಕಿದ್ದು ಅತ್ಯಲ್ಪ. ಸಿಕ್ಕಿದ್ದು ಬೇರೆಯೇ ಒಂದು ವಸ್ತು. ಅದನ್ನು ಏನೆಂದು ಕರೆಯಬೇಕೆಂಬುದು ಆ ಅಧಿಕಾರಿಗಳಿಗೂ ಕೂಡಲೆ ಹೊಳೆದಂತೆ ಕಾಣುವುದಿಲ್ಲ.

ಮೊದಮೊದಲಿನ ಪತ್ರಗಳಲ್ಲಿ ಬೆರಗು ತುಂಬಿದೆ. ಫ್ರಾನ್ಸಿನ ಹಸಿರು ಹೊಲಗಳು, ಹಾಲು ಕೊಡುವ ದಷ್ಟಪುಷ್ಟ ಹಸುಗಳು, ಎಲ್ಲೆಡೆಯ ಅಚ್ಚುಕಟ್ಟು, ಇವುಗಳ ವರ್ಣನೆಯೇ ಪುಟ ತುಂಬಾ. ಅರಸನ ಉಪ್ಪು ತಿಂದಿದ್ದೇವೆ, ಋಣ ತೀರಿಸಲು ಇದು ತಕ್ಕ ಸಮಯ ಎಂಬ ಮಾತೂ ಮತ್ತೆ ಮತ್ತೆ ಬರುತ್ತದೆ. ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಮಾತುಂಟು. ಒಡೆಯನ ಅನ್ನ ಉಂಡವನು ಆ ಅನ್ನದ ಋಣಕ್ಕಾಗಿ ರಣದಲ್ಲಿ ಪ್ರಾಣ ತೆರುವುದು ಎಂದು ಅದರ ಅರ್ಥ. ನಮ್ಮ ವೀರಗಲ್ಲುಗಳ ಹಿಂದೆ ನಿಂತಿರುವ ಆ ಭಾವನೆಯೇ ಆ ಸಿಪಾಯಿಗಳ ಎದೆಯಲ್ಲಿಯೂ ಇತ್ತು. ಅವರ ಬಾಯಲ್ಲಿ ಅದಕ್ಕೆ 'ಇಜ್ಜತ್' ಎಂದು ಹೆಸರು. ಇಜ್ಜತ್ ಎಂದರೆ ತನ್ನೊಬ್ಬನ ಗೌರವವಲ್ಲ. ಮನೆತನದ, ಊರಿನ, ರೆಜಿಮೆಂಟಿನ ಮಾನ. ರಣರಂಗದಿಂದ ಓಡಿಬಂದರೆ ಊರಿನ ಬಾವಿಕಟ್ಟೆಯಲ್ಲಿ ತಾಯಿ ತಲೆ ಎತ್ತುವಂತಿಲ್ಲ.

ಆದರೆ ಜೋಳವಾಳಿಯ ಕಾಲದ ಯುದ್ಧವೇ ಬೇರೆ, ಇದೇ ಬೇರೆ. ಅಕ್ಟೋಬರ್ ಕೊನೆಯಲ್ಲಿ ಬೆಲ್ಜಿಯಮ್ಮಿನ ಈಪರ್ ಪಟ್ಟಣದ ಸುತ್ತಮುತ್ತ ಅವರನ್ನು ಕಾದಾಟಕ್ಕೆ ಇಳಿಸಲಾಯಿತು. ಎದುರಿಗೆ ಶತ್ರುವಿನ ಮುಖ ಕಾಣದು. ಮೈಲಿಗಳಾಚೆಯಿಂದ ಫಿರಂಗಿಯ ಗುಂಡುಗಳು ಬಂದು ಬೀಳುವವು. ಮಷೀನ್‌ಗನ್ನಿನ ಮುಂದೆ ಸಾಲುಸಾಲಾಗಿ ಜನ ಉರುಳುವರು. ಬಿಸಿನಾಡಿನಿಂದ ತೆಳುವಾದ ಹತ್ತಿಯ ಉಡುಪಿನಲ್ಲಿ ಬಂದವರಿಗೆ ಬೆಚ್ಚನೆಯ ಬಟ್ಟೆ ಒದಗುವ ಮೊದಲೇ ಯೂರೋಪಿನ ಚಳಿಗಾಲ ಕಾಲಿಟ್ಟಿತು. ಮೊಣಕಾಲುದ್ದದ ಕೆಸರು ನೀರಿನಲ್ಲಿ ರಾತ್ರಿಯಿಡೀ ನಿಂತು ಪಾದಗಳು ಮರಗಟ್ಟಿ ಕೊಳೆಯತೊಡಗಿದವು. ತಮ್ಮ ಭಾಷೆ ಬಲ್ಲ, ಹೆಸರು ಹಿಡಿದು ಕರೆಯುತ್ತಿದ್ದ ಹಳೆಯ ಅಧಿಕಾರಿಗಳು ಮೊದಲ ವಾರಗಳಲ್ಲಿಯೇ ಸತ್ತರು. ಅವರ ಸ್ಥಾನಕ್ಕೆ ಬಂದವರಿಗೆ ಸಿಪಾಯಿಯ ಮಾತು ತಿಳಿಯದು, ಸಿಪಾಯಿಗೆ ಅವರ ಮಾತು ತಿಳಿಯದು.

ಆಗ ಪತ್ರಗಳ ಧಾಟಿ ಬದಲಾಯಿತು. ಕಂಡದ್ದನ್ನು ಹೇಳಲು ಸಿಪಾಯಿಗಳಿಗೆ ದೊರೆತದ್ದು ತಮ್ಮ ಹೊಲದ, ಕಣದ ಮಾತುಗಳೇ. ಬಾಣಲೆಯಲ್ಲಿ ಕಾಳು ಹುರಿದಂತೆ ಮನುಷ್ಯರು ಹುರಿದುಹೋಗುತ್ತಿದ್ದಾರೆ ಎಂದು ಬರೆದವರುಂಟು. ಸುಗ್ಗಿಯಲ್ಲಿ ಕೊಯ್ದು ಹಾಕಿದ ತೆನೆಗಳಂತೆ ಹೆಣಗಳು ಹರಡಿವೆ ಎಂದು ಬರೆದವರುಂಟು. ಮುಂಗಾರಿನ ಮಳೆಯಂತೆ ಗುಂಡುಗಳು ಸುರಿಯುತ್ತವೆ ಎಂದವರುಂಟು. 1915ರ ಜನವರಿಯಲ್ಲಿ ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ರಜಪೂತನು, ಇದನ್ನು ಯುದ್ಧವೆನ್ನುವಂತಿಲ್ಲ, ಇದು ಪ್ರಳಯ, ಮಹಾಭಾರತದಲ್ಲಿ ಕೇಳಿದ ಸಂಗ್ರಾಮ ಇಂಥದೇ ಇರಬೇಕು ಎಂಬರ್ಥದಲ್ಲಿ ತನ್ನವರಿಗೆ ತಿಳಿಸಿದನು. ಹಳ್ಳಿಯ ಜಗುಲಿಯ ಮೇಲೆ ಕುಳಿತು ಕೇಳಿದ ಪುರಾಣ ಕಣ್ಣೆದುರಿಗೇ ನಡೆದರೆ ಹೇಗಿರುತ್ತದೆ ಎಂಬುದು ಈ ಒಂದು ಮಾತಿನಿಂದ ತಿಳಿಯುತ್ತದೆ.

ಇದೇ ಸಮಯದಲ್ಲಿ ಹೋವೆಲ್ ಒಂದು ಸ್ವಾರಸ್ಯದ ಸಂಗತಿಯನ್ನು ಗಮನಿಸಿದನು. ಗಾಯಾಳುಗಳ ಪತ್ರಗಳಲ್ಲಿ ಪದ್ಯಗಳು ಹೆಚ್ಚುತ್ತಿದ್ದವು. ಗದ್ಯದಲ್ಲಿ ಕ್ಷೇಮ ಎಂದು ಬರೆಯುತ್ತ ಬಂದವನು ಇದ್ದಕ್ಕಿದ್ದಂತೆ ಪದ್ಯಕ್ಕೆ ಹೊರಳುತ್ತಿದ್ದ. ಇದು ಸೈನ್ಯದ ಮನಸ್ಸಿಗೆ ಒಳ್ಳೆಯ ಲಕ್ಷಣವಲ್ಲ, ಒಳಗಿನ ತಳಮಳದ ಗುರುತು ಎಂದು ಆ ಅಧಿಕಾರಿ ವರದಿ ಮಾಡಿದನು. ಕವಿತೆಯನ್ನು ಕಂಡು ಸರ್ಕಾರ ಗಾಬರಿಯಾದ ಪ್ರಸಂಗಗಳು ಚರಿತ್ರೆಯಲ್ಲಿ ಇನ್ನೂ ಉಂಟು. ಆದರೆ ಇಲ್ಲಿ ಅಧಿಕಾರಿಯ ಊಹೆ ತಪ್ಪಾಗಿರಲಿಲ್ಲ ಎಂದೇ ಹೇಳಬೇಕು. ನೇರವಾಗಿ ಆಡಲಾಗದ ನೋವು ಹಾಡಿನ ದಾರಿ ಹಿಡಿಯುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಪತ್ರಗಳನ್ನು ಅಧಿಕಾರಿಗಳು ಓದುತ್ತಾರೆಂಬುದು ಸಿಪಾಯಿಗಳಿಗೆ ಬೇಗನೆ ತಿಳಿಯಿತು. ತಿಳಿದ ಮೇಲೆ ಅವರು ಸುಮ್ಮನಾಗಲಿಲ್ಲ. ಮಾತನ್ನು ಮರೆಮಾಡುವುದನ್ನು ಕಲಿತರು. ಒಂದು ಪತ್ರದಲ್ಲಿ ಕರಿಮೆಣಸು ಮುಗಿಯುತ್ತ ಬಂದಿದೆ, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ ಎಂಬ ಸುದ್ದಿ ಬರುತ್ತದೆ. ಸೆನ್ಸಾರ್ ಕಚೇರಿಯವರು ಇದನ್ನು ಅಡುಗೆಯ ವಿಷಯವೆಂದು ನಂಬಲಿಲ್ಲ. ಕರಿಮೆಣಸು ಎಂದರೆ ಭಾರತೀಯ ಸಿಪಾಯಿಗಳು, ಕೆಂಪು ಮೆಣಸು ಎಂದರೆ ಬಿಳಿಯ ಸೈನಿಕರು. ಇಬ್ಬರೂ ಅರೆಯುವ ಕಲ್ಲಿನ ಅಡಿಯಲ್ಲಿಯೇ ಇದ್ದಾರೆ, ಮೊದಲು ಅರೆಯಲ್ಪಟ್ಟವರು ನಾವು ಎಂಬುದು ಅದರ ತಾತ್ಪರ್ಯ. ಓದು ಬಾರದವರು ಎಂದು ಅಧಿಕಾರಿಗಳು ಅಸಡ್ಡೆ ಮಾಡಿದ್ದ ಜನ ಇಂಥ ಒಗಟು ಕಟ್ಟುವಷ್ಟು ಜಾಣರಾಗಿದ್ದರು. ಒಗಟು ಹೇಳಲು ಅಕ್ಷರ ಬೇಕಿಲ್ಲವಷ್ಟೆ.

ಇನ್ನು ಕೆಲವರು ಒಗಟಿನ ಗೊಡವೆಗೂ ಹೋಗಲಿಲ್ಲ. ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ, ಯಾರು ಬಂದು ಕರೆದರೂ ಒಪ್ಪಬೇಡಿ ಎಂದು ಸ್ಪಷ್ಟವಾಗಿ ಬರೆದರು. ಮೇಲಿನ ಸಾಲುಗಳಲ್ಲಿ ಅರಸನಿಗೆ ಜಯವಾಗಲಿ ಎಂದಿದ್ದವನೇ ಕೆಳಗಿನ ಸಾಲಿನಲ್ಲಿ ಹೀಗೆ ಬರೆಯುತ್ತಾನೆ. ಇದನ್ನು ಕಪಟವೆನ್ನುವುದು ಸರಿಯಲ್ಲ. ತನ್ನ ಮಾನಕ್ಕಾಗಿ ತಾನು ನಿಲ್ಲಬೇಕು, ಆದರೆ ವಂಶದ ದೀಪ ಉಳಿಯಬೇಕು. ಒಂದೇ ಎದೆಯಲ್ಲಿ ಈ ಎರಡು ಭಾವಗಳೂ ನೆಲೆಸಿದ್ದವು. ಸೈನಿಕರ ಮನೋಬಲ ಕುಸಿಯಿತೇ ಇಲ್ಲವೇ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಹೊರಟವರು ಎಡವುವುದು ಇಲ್ಲಿಯೇ.

ಅವರ ಧೈರ್ಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ್ದು ಚಳಿಯೂ ಅಲ್ಲ, ಗುಂಡೂ ಅಲ್ಲ. ಒಂದು ಅನ್ಯಾಯದ ಭಾವನೆ. ಒಮ್ಮೆ ಗಾಯಗೊಂಡವನು ತನ್ನ ಋಣ ತೀರಿಸಿದಂತೆ, ಅವನನ್ನು ಊರಿಗೆ ಕಳುಹಿಸಬೇಕು ಎಂಬುದು ಸಿಪಾಯಿಗಳ ನ್ಯಾಯ. ಆದರೆ ಸೈನ್ಯಕ್ಕೆ ಜನ ಸಾಲದಾಗಿತ್ತು. ಭಾರತದಿಂದ ಬರುತ್ತಿದ್ದ ಹೊಸ ಸೈನಿಕರಲ್ಲಿ ಹಲವರು ವಯಸ್ಸಾದವರು, ದುರ್ಬಲರು. ಆದ್ದರಿಂದ ಗಾಯ ಮಾಯ್ದ ಕೂಡಲೆ ಮತ್ತೆ ಕಂದಕಕ್ಕೆ ಅಟ್ಟುವುದು ವಾಡಿಕೆಯಾಯಿತು. ಎರಡು ಸಲ, ಮೂರು ಸಲ ಗಾಯಗೊಂಡವರನ್ನೂ ಬಿಡಲಿಲ್ಲ. 1915ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಿಂದ ಹೆಸರು ಹಾಕದ ಒಂದು ಬಿನ್ನವತ್ತಳೆ ನೇರವಾಗಿ ಚಕ್ರವರ್ತಿಗೇ ಹೋಯಿತು. ಹನ್ನೊಂದು ರೂಪಾಯಿಗೆ ಪ್ರಾಣ ಕೊಟ್ಟವರನ್ನು ಗಾಯದ ಮೇಲೆ ಗಾಯ ತಿನ್ನಲು ಕಳುಹಿಸುವುದು ನ್ಯಾಯವೇ ಎಂಬ ಧ್ವನಿ ಅದರಲ್ಲಿದೆ. ಬೇಡಿಕೆಯಂತೆ ಕಾಣುವ ಆ ಬರಹ ವಾಸ್ತವವಾಗಿ ಲೆಕ್ಕ ಕೇಳುತ್ತಿದೆ.

ಕೈಗೆ ಗುಂಡು ತಗಲಿದ ಸಿಪಾಯಿಗಳು ಬಹಳ ಮಂದಿ ಆಸ್ಪತ್ರೆಗೆ ಬರುತ್ತಿದ್ದುದರಿಂದ, ಇವರು ರಣರಂಗದಿಂದ ತಪ್ಪಿಸಿಕೊಳ್ಳಲು ತಾವೇ ಹೊಡೆದುಕೊಂಡವರು ಎಂಬ ಸಂಶಯ ಅಧಿಕಾರಿಗಳಲ್ಲಿ ಹರಡಿತು. ಬ್ರೈಟನ್ನಿನ ಕಿಚನರ್ ಆಸ್ಪತ್ರೆಯ ಮುಖ್ಯಸ್ಥನಾಗಿದ್ದ ಕರ್ನಲ್ ಬ್ರೂಸ್ ಸೀಟನ್ 1,000 ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ, ಆ ಸಂಶಯಕ್ಕೆ ಆಧಾರವಿಲ್ಲವೆಂದು 1915ರಲ್ಲಿ ವರದಿ ಕೊಟ್ಟನು. ಕಂದಕದಲ್ಲಿ ಬಂದೂಕು ಹಿಡಿದು ನಿಂತವನ ದೇಹದಲ್ಲಿ ಹೊರಗೆ ಕಾಣುವುದು ತಲೆ ಮತ್ತು ಕೈಗಳು; ತಲೆಗೆ ಗುಂಡು ತಗಲಿದವನು ಆಸ್ಪತ್ರೆಯವರೆಗೆ ಬರುವುದು ಅಪರೂಪ. ಇಷ್ಟು ಸರಳವಾದ ಸಂಗತಿಯೂ ಅನುಮಾನದ ಕಣ್ಣಿಗೆ ಬೀಳುವುದಿಲ್ಲ.

ಇಬ್ಬರು ಸೋದರರ ಕಥೆಯನ್ನು ಇಲ್ಲಿ ಹೇಳಬೇಕು. ಮೀರ್ ದಸ್ತ್ ಮತ್ತು ಮೀರ್ ಮಸ್ತ್ ವಾಯವ್ಯ ಗಡಿನಾಡಿನ ಪಠಾಣರು. ಇಬ್ಬರೂ ಸೈನ್ಯದ ಭಾರತೀಯ ಅಧಿಕಾರಿಗಳು. 1915ರ ಮಾರ್ಚ್ ತಿಂಗಳ ಆರಂಭದಲ್ಲಿ ಮೀರ್ ಮಸ್ತ್ ಕೆಲವು ಸಂಗಡಿಗರೊಡನೆ ಕತ್ತಲೆಯಲ್ಲಿ ಕಂದಕ ದಾಟಿ ಜರ್ಮನರ ಕಡೆಗೆ ಹೋಗಿಬಿಟ್ಟನು. ಎರಡು ತಿಂಗಳು ಕಳೆಯುವುದರೊಳಗೆ, ಏಪ್ರಿಲ್ 26ರಂದು, ಈಪರ್ ಬಳಿ ವಿಷಾನಿಲದ ನಡುವೆ ಮೀರ್ ದಸ್ತ್ ತನ್ನ ತುಕಡಿಯನ್ನು ಕೂಡಿಸಿ ನಿಲ್ಲಿಸಿದನು. ಗಾಯಗೊಂಡ ಹಲವು ಅಧಿಕಾರಿಗಳನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸಿದನು. ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು. ಅದೇ ಆಗಸ್ಟಿನಲ್ಲಿ ಬ್ರೈಟನ್ನಿನಲ್ಲಿ ದೊರೆ ಐದನೆಯ ಜಾರ್ಜ್ ಸ್ವತಃ ಪದಕವನ್ನು ತೊಡಿಸಿದನು. ಆ ಸಂದರ್ಭದಲ್ಲಿ ಮೀರ್ ದಸ್ತ್ ತನಗಾಗಿ ಏನನ್ನೂ ಬೇಡಲಿಲ್ಲ. ಒಮ್ಮೆ ಗಾಯಗೊಂಡವರನ್ನು ಮತ್ತೆ ಯುದ್ಧಕ್ಕೆ ಕಳುಹಿಸಬಾರದು ಎಂದು ಅರಿಕೆ ಮಾಡಿಕೊಂಡನು. ಒಂದೇ ತಾಯಿಯ ಮಕ್ಕಳು ಎರಡು ದಾರಿ ಹಿಡಿದರು. ಹುಟ್ಟು ಯೋಧರ ಜಾತಿ ಎಂಬ ಸಿದ್ಧಾಂತ ಇವರಲ್ಲಿ ಯಾರನ್ನು ವಿವರಿಸಬಲ್ಲುದು? ಪದಕ ಪಡೆದ ವೀರನ ಬಾಯಿಂದಲೂ ಹೊರಟದ್ದು ಸಾಮಾನ್ಯ ಸಿಪಾಯಿಗಳು ಪತ್ರಗಳಲ್ಲಿ ಹೇಳಿಕೊಳ್ಳುತ್ತಿದ್ದ ಅದೇ ದೂರು ಎಂಬುದು ಗಮನಾರ್ಹ.

ಎಲ್ಲ ಪತ್ರಗಳೂ ದುಃಖದಿಂದಲೇ ತುಂಬಿವೆ ಎಂದು ಭಾವಿಸಬಾರದು. ಬ್ರೈಟನ್ನಿನ ಪೆವಿಲಿಯನ್ ಎಂಬ ಅರಮನೆಯನ್ನು ಭಾರತೀಯ ಗಾಯಾಳುಗಳ ಆಸ್ಪತ್ರೆಯಾಗಿ ಮಾರ್ಪಡಿಸಿದ್ದರು. ಬೇರೆ ಬೇರೆ ಮತಗಳವರಿಗೆ ಬೇರೆ ಬೇರೆ ಅಡುಗೆಮನೆಗಳು, ನೀರಿನ ನಲ್ಲಿಗಳು ಅಲ್ಲಿದ್ದವು. ಸ್ವರ್ಗವೆಂದರೆ ಇದೇ ಇರಬೇಕು ಎಂದು ಅಲ್ಲಿಂದ ಮನೆಗೆ ಬರೆದವರಿದ್ದಾರೆ. ಈ ಉಪಚಾರದ ಹಿಂದೆ ಪ್ರಚಾರದ ಉದ್ದೇಶವೂ ಇತ್ತೆನ್ನಿ. ಅರಮನೆಯ ಚಿತ್ರಗಳು ಭಾರತದಲ್ಲಿ ಹಂಚಿಕೆಯಾದವು. ಆದರೆ ಫ್ರಾನ್ಸಿನ ಹಳ್ಳಿಗಳಲ್ಲಿ ಬಿಡಾರ ಮಾಡಿದ ಸಿಪಾಯಿಗಳಿಗೆ ಆ ಊರಿನ ಜನ ತೋರಿದ ಅಕ್ಕರೆಗೆ ಅಂಥ ಉದ್ದೇಶವೇನೂ ಇರಲಿಲ್ಲ. ಗಂಡುಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದ್ದ ಮುದುಕಿಯೊಬ್ಬಳು ತನ್ನ ಮನೆಯಲ್ಲಿ ಇಳಿದುಕೊಂಡಿದ್ದ ಪಂಜಾಬಿನ ಸಿಪಾಯಿಯ ಹಾಸಿಗೆ ಹಾಸಿ, ಬಟ್ಟೆ ಒಗೆದು, ಬೆಳಗ್ಗೆ ಹಾಲು ಕಾಫಿ ಕೊಟ್ಟು, ಅವನು ಹೊರಟ ದಿನ ಹೆಗಲ ಮೇಲೆ ತಲೆಯಿಟ್ಟು ಅತ್ತಳೆಂದು 1916ರ ಒಂದು ಪತ್ರ ತಿಳಿಸುತ್ತದೆ. ದಾರಿಗಿರಲೆಂದು ಐದು ಫ್ರಾಂಕ್ ಹಣವನ್ನೂ ಅವನ ಕೈಯಲ್ಲಿ ಇಟ್ಟಳಂತೆ. ಮಾತು ತಿಳಿಯದ ಇಬ್ಬರ ನಡುವೆ ತಾಯಿ ಮಗನ ಸಂಬಂಧ ಬೆಳೆದಿತ್ತು. ಬಿಳಿಯರೆಲ್ಲರೂ ಒಡೆಯರು ಎಂದು ತಿಳಿದಿದ್ದ ಯುವಕನಿಗೆ ಇದು ಹೊಸ ಪಾಠ.

ಇನ್ನೊಂದು ಪಾಠವೂ ದೊರೆಯಿತು. ಹೊಲ ಉಳುವ, ಅಂಗಡಿ ನಡೆಸುವ, ಪತ್ರಿಕೆ ಓದುವ ಫ್ರೆಂಚ್ ಹೆಂಗಸರನ್ನು ಸಿಪಾಯಿಗಳು ದಿನವೂ ನೋಡಿದರು. ಅವರ ಪತ್ರಗಳಲ್ಲಿ ಹೊಸ ವಿಷಯವೊಂದು ತಲೆದೋರಿತು: ಮಗಳನ್ನು ಶಾಲೆಗೆ ಕಳುಹಿಸಿ, ಎಳೆಯ ವಯಸ್ಸಿನಲ್ಲಿ ಮದುವೆ ಮಾಡಬೇಡಿ, ಹೆಂಡತಿಗೆ ಓದು ಬಂದಿದ್ದರೆ ನನ್ನ ಮಾತನ್ನು ಬೇರೆಯವರ ಬಾಯಿಂದ ಕೇಳುವ ಸಂಕಟ ಇರುತ್ತಿರಲಿಲ್ಲ. ಇಂಥ ಮಾತುಗಳು ಉಪದೇಶಕರಿಂದ ಬಂದವಲ್ಲ. ಕಂದಕದಲ್ಲಿ ಕುಳಿತು ಇನ್ನೊಬ್ಬನ ಕೈಯಿಂದ ಕಾಗದ ಬರೆಸಿದವನಿಗೆ ಅಕ್ಷರದ ಬೆಲೆ ತಾನಾಗಿಯೇ ತಿಳಿದಿತ್ತು.

ಊರಿನಿಂದ ಬರುತ್ತಿದ್ದ ಓಲೆಗಳೂ ಸೈನಿಕರ ಧೈರ್ಯವನ್ನು ಏರಿಳಿಸುತ್ತಿದ್ದವು. ಪ್ಲೇಗು ಹರಡಿದೆ, ಸಾಲಗಾರ ಬಾಗಿಲಿಗೆ ಬಂದಿದ್ದಾನೆ, ದಾಯಾದಿಗಳು ಹೊಲದ ಮೇಲೆ ದಾವೆ ಹೂಡಿದ್ದಾರೆ, ನೀನು ಬರುವುದು ಯಾವಾಗ? ಈ ಪ್ರಶ್ನೆಗಳಿಗೆ ಕಂದಕದಲ್ಲಿ ಉತ್ತರವಿರಲಿಲ್ಲ. ಕಾಗದ ಬಾರದಿದ್ದರೆ ಅದಕ್ಕಿಂತಲೂ ಹೆಚ್ಚಿನ ಚಿಂತೆ.

1915ರ ಕೊನೆಯಲ್ಲಿ ಭಾರತದ ಕಾಲ್ದಳವನ್ನು ಫ್ರಾನ್ಸಿನಿಂದ ತೆಗೆದು ಮೆಸೊಪೊಟೇಮಿಯಕ್ಕೆ, ಎಂದರೆ ಇಂದಿನ ಇರಾಕಿಗೆ, ಕಳುಹಿಸಲಾಯಿತು. ಅಲ್ಲಿ ಮೊದಲಿನಿಂದಲೂ ಇದ್ದ ದಳಗಳಲ್ಲಿ ಕಲ್ಯಾಣ್ ಕುಮಾರ್ ಮುಖರ್ಜಿ ಎಂಬ ಬಂಗಾಳಿ ವೈದ್ಯನಿದ್ದನು. ಉನ್ನತ ವಿದ್ಯಾಭ್ಯಾಸ ಪಡೆದ ಆತನು ತಾಯಿಗೆ ಬರೆದ ಪತ್ರಗಳ ದಾರಿಯೇ ಬೇರೆ. ಸಿಪಾಯಿಗಳು ಯುದ್ಧದ ಕಷ್ಟವನ್ನು ಕುರಿತು ಬರೆದರೆ ಆತನು ಯುದ್ಧದ ಕಾರಣವನ್ನೇ ಪ್ರಶ್ನಿಸಿದನು. ದೇಶಭಕ್ತಿಯ ಹೆಸರಿನಲ್ಲಿ ಒಂದು ರಾಷ್ಟ್ರ ಇನ್ನೊಂದರ ನೆಲವನ್ನು ಕಸಿಯುವುದಾದರೆ ಅದಕ್ಕೆ ಬೆಲೆಯೇನು ಎಂದು ಕೇಳಿದನು. ಕುಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಲುಕಿ, 1916ರ ಏಪ್ರಿಲ್ 29ರಂದು ಅಲ್ಲಿನ ಸೈನ್ಯ ಶರಣಾದಾಗ ತುರ್ಕರ ಸೆರೆಯಾಳಾದ ಆತನು 1917ರಲ್ಲಿ ಸೆರೆಯಲ್ಲಿಯೇ ಕಾಯಿಲೆಯಿಂದ ತೀರಿಕೊಂಡನು. ವೃದ್ಧೆಯಾದ ಆತನ ಅಜ್ಜಿ ಮೋಕ್ಷದಾ ದೇವಿ ಆ ಪತ್ರಗಳನ್ನು ಕೂಡಿಸಿ 1928ರಲ್ಲಿ ಮೊಮ್ಮಗನ ಚರಿತ್ರೆಯನ್ನು ಬಂಗಾಳಿಯಲ್ಲಿ ಪ್ರಕಟಿಸಿದಳು.

ಫ್ರಾನ್ಸಿನಲ್ಲಿ ಉಳಿದದ್ದು ಭಾರತದ ಅಶ್ವದಳ. ಅದೂ 1918ರ ಆರಂಭದಲ್ಲಿ ಪ್ಯಾಲೆಸ್ಟೈನ್ ಕಡೆಗೆ ಹೊರಟುಹೋಯಿತು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳ ಯುದ್ಧದ ಮೊದಲ ವರ್ಷದಿಂದಲೇ ಈಜಿಪ್ಟಿನ ಕಡೆ ಇದ್ದಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಹೈಫಾ ಪಟ್ಟಣವನ್ನು ಗೆದ್ದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಅಲ್ಲಿ ಮಡಿದವರ ಸ್ಮಾರಕ ಬೆಂಗಳೂರಿನಲ್ಲಿದೆ. ಆದರೆ ಅವರು ಹೋರಾಡಿದ್ದು ಫ್ರಾನ್ಸಿನಲ್ಲಲ್ಲ. ಆದ್ದರಿಂದ ಹೋವೆಲ್‌ನ ಕಚೇರಿಯ ಕಡತಗಳಲ್ಲಿ ಅವರ ಧ್ವನಿ ಕೇಳಿಸುವುದಿಲ್ಲ.

ಫ್ರಾನ್ಸಿನ ನವ್ ಶಪೆಲ್ ಎಂಬ ಹಳ್ಳಿಯಲ್ಲಿ 1915ರ ಮಾರ್ಚ್ 10ರಿಂದ ನಡೆದ ಕದನದಲ್ಲಿ ಭಾರತೀಯರ ಕಡೆ ಸತ್ತವರು, ಗಾಯಗೊಂಡವರು 4,000ಕ್ಕೂ ಹೆಚ್ಚು. ಅದೇ ಸ್ಥಳದಲ್ಲಿ 1927ರಲ್ಲಿ ಒಂದು ಸ್ಮಾರಕ ನಿರ್ಮಾಣವಾಯಿತು. ಸಮಾಧಿಯೂ ದೊರೆಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಅದರ ಗೋಡೆಯ ಮೇಲೆ ಕೆತ್ತಲಾಗಿದೆ. ಕಲ್ಲಿನ ಮೇಲೆ ಹೆಸರುಗಳು ಉಳಿದವು. ಆ ಹೆಸರಿನವರು ಆಡಿದ ಮಾತುಗಳು?

ಸಿಪಾಯಿಗಳ ಮನೆಗಳಿಗೆ ತಲುಪಿದ ಕಾಗದಗಳಲ್ಲಿ ಬಹುಪಾಲು ಅಳಿದುಹೋದವು. ಗೆದ್ದಲು, ಮಳೆ, ಬೆಂಕಿ ಯಾವುದನ್ನೂ ಉಳಿಸುವುದಿಲ್ಲ; 1947ರ ದೇಶವಿಭಜನೆಯ ಕಾಲದಲ್ಲಿ ಪಂಜಾಬಿನ ಲಕ್ಷಾಂತರ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಹೊರಟವು. ಉಳಿದದ್ದು ಲಂಡನ್ನಿಗೆ ಸೇರಿದ ಸೆನ್ಸಾರ್ ವರದಿಗಳ ಕಡತ. ಇಂದು ಅವು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರರು ಅವುಗಳಿಂದ ಆರುನೂರಕ್ಕೂ ಹೆಚ್ಚು ಪತ್ರಗಳನ್ನು ಆರಿಸಿ 1999ರಲ್ಲಿ ಪ್ರಕಟಿಸಿದರು. ಸಿಪಾಯಿಯ ಮಾತು ಅಲ್ಲಿ ಅವನ ಭಾಷೆಯಲ್ಲಿ ಇಲ್ಲ, ಇಂಗ್ಲಿಷಿನಲ್ಲಿದೆ. ಇಡಿಯಾಗಿ ಇಲ್ಲ, ತುಣುಕುಗಳಾಗಿದೆ. ಅವನ ಮೇಲೆ ಕಣ್ಣಿಡಲು ನೇಮಕವಾದವರ ಆಯ್ಕೆಯಲ್ಲಿದೆ. ಕೆಲವು ಪತ್ರಗಳ ಜೊತೆಗೆ ಅವನ್ನು ಮುಂದಕ್ಕೆ ಬಿಡಲಾಯಿತೇ, ತಡೆಹಿಡಿಯಲಾಯಿತೇ ಎಂಬ ಟಿಪ್ಪಣಿಯೂ ಉಂಟು. ತಡೆಹಿಡಿದ ಪತ್ರವನ್ನು ಬರೆಸಿದವನಿಗೆ ಆ ಸಂಗತಿ ತಿಳಿಯುತ್ತಿರಲಿಲ್ಲ. ತಮ್ಮನನ್ನು ಕಳುಹಿಸಬೇಡಿ ಎಂಬ ತನ್ನ ಮಾತು ಊರಿಗೆ ಮುಟ್ಟಿದೆ ಎಂದೇ ನಂಬಿ ಅವನು ಮರುದಿನ ಕಂದಕಕ್ಕೆ ಇಳಿಯುತ್ತಿದ್ದ.